ಕೂಡದು

ನನಗೇ ಹೇಳಿದರು ಬರೆಯಲು.
ಹಂಚಿನ ಕಾರ್ಖಾನೆಯ ಆಫೀಸಿನಲ್ಲಿ ಇಪ್ಪತ್ತೊಂಬತ್ತು ವರ್ಷ
'ತಕ್ಕದ್ದು', 'ಕೂಡದು' ಟೈಪು ಮಾಡಿದ ಕೈ,
ಸೆವ್ರಿನ್ ಬಾಯಿ ಬರೆದರೆ ತಿರುಗಿ ಮಾತಾಡುವವರಿಲ್ಲ ಎಂದು.
ಹಳೆಯ ಕ್ಯಾಲೆಂಡರಿನ ಮೇ ತಿಂಗಳು ಹರಿದು ಕೊಟ್ಟರು,
ಹಿಂಬದಿ ಖಾಲಿ.

ಮೊದಲು ನಾವು ನಾಲ್ಕೇ ಜನ.
ಬಂದರಿನ ಲೀಲಾಧರನ ಟೈಲರ್ ಅಂಗಡಿ,
ಗುರುವಾರ ಸಂಜೆ, ಅರ್ಧ ಇಳಿಸಿದ ಶಟರು,
ಒಂದು ಬೆಂಚು, ಪುತ್ತುಮೋನು ಮನೆಯಿಂದ ತಂದ ಕುಂಟು ಸ್ಟೂಲು.
ನಿಯಮ ಎಂದರೆ, ಚಾ ಬಂದಾಗ ಬಾಯಿ ಮುಚ್ಚುವುದು.
ಡೀಸೆಲಿನ ಬೆಲೆ, ದೇವರು ಇದ್ದಾನೋ,
ಬೂತಾಯಿಗೆ ಹುಣಸೆಯೋ ಪುನರ್ಪುಳಿಯೋ,
ಯಾವುದೂ ಇತ್ಯರ್ಥವಾಗದೆ ಎಲ್ಲರೂ ಮನೆಗೆ.

ಈಗ ಮೂವತ್ತೇಳು.
ಚಪ್ಪಲಿಗಳು ಚರಂಡಿ ದಾಟಿ
ಗೋಣಿ ಅಂಗಡಿಯ ಮೆಟ್ಟಿಲು ಮುಟ್ಟಿವೆ.
ಹೆಸರು ಗೊತ್ತಿಲ್ಲದವರು ನನ್ನ ಜಾಗದಲ್ಲಿ ಕೂತು
ನನಗೇ 'ಬನ್ನಿ, ಕೂತುಕೊಳ್ಳಿ' ಅನ್ನುತ್ತಾರೆ.
ಸಂತೋಷವೇ. ಸ್ವಲ್ಪ ಹೊಟ್ಟೆಯುರಿಯೂ.

ಹೋದ ವಾರ ಒಬ್ಬ, ಇಸ್ತ್ರಿ ಅಂಗಿಯವ,
ಪುತ್ತುಮೋನುವಿಗೆ 'ನಿಮ್ಮವರು' ಅಂದ.
ಅಷ್ಟೇ. ಬೈಗುಳವಲ್ಲ. ಬಹುವಚನ.
ಪುತ್ತುಮೋನು ಟೋಪಿ ಸರಿಮಾಡಿಕೊಂಡು
ಬೆಂಗ್ರೆಯ ದೋಣಿಗೆ ಹೊತ್ತಾಯಿತು ಎಂದು ಎದ್ದ.
ದೋಣಿಗೆ ಇನ್ನೂ ಮುಕ್ಕಾಲು ಗಂಟೆಯಿತ್ತು.
ಅದು ನಮಗೆಲ್ಲ ಗೊತ್ತಿತ್ತು.
ಯಾರೂ ಹೇಳಲಿಲ್ಲ.

ಆದ್ದರಿಂದ ಕಾಗದ. ಒಂದನೆಯದು:
ಒಬ್ಬನೊಡನೆ ಮಾತಾಡುವಾಗ ಒಬ್ಬನೊಡನೆಯೇ ಮಾತಾಡತಕ್ಕದ್ದು,
ಅವನ ಬೆನ್ನ ಹಿಂದೆ ಊರನ್ನು ನಿಲ್ಲಿಸಕೂಡದು.
ಎದುರಾಡಿದವರಿಲ್ಲ.
ಇಸ್ತ್ರಿ ಅಂಗಿಯವ ತನ್ನ ಗುಂಡಿಯನ್ನೇ ನೋಡುತ್ತಿದ್ದ.

ಆಮೇಲೆ ಶುರು. ಭಾಷೆ ಯಾವುದು?
ಕನ್ನಡ ಅಂದರೆ, ಬೀಡಿಯ ತಡ್ಪೆ ಮಡಿಲಲ್ಲಿಟ್ಟು ಗಿರಿಜಕ್ಕ
'ಎಂಕ್ ಕೋಪ ಬರ್ಪುನಿ ತುಳುಟೇ' ಅಂದಳು.
ಬರೆದೆ: ಯಾವ ಭಾಷೆಯಲ್ಲಿ ಬೈದರೋ
ಅದೇ ಭಾಷೆಯಲ್ಲಿ ತಪ್ಪಾಯಿತು ಅನ್ನತಕ್ಕದ್ದು.
ಪಕ್ಕದವರು ಉಳಿದವರಿಗೆ ತಿಳಿಸಿ ಹೇಳಬೇಕು,
ಉಪ್ಪು ಸ್ವಲ್ಪ ಕಮ್ಮಿ ಮಾಡಿದರೆ ದೋಷವಿಲ್ಲ.

ಎಷ್ಟು ಹೊತ್ತು ಮಾತಾಡಬಹುದು?
ವಾಮನ ಮಾಸ್ತರರು ಚುಟುಕಾಗಿರಬೇಕೆಂದು
ಇಪ್ಪತ್ತು ನಿಮಿಷ ವಿವರಿಸಿದರು.
ಲೀಲಾಧರ ಏನೂ ಅನ್ನದೆ ಮೆಶೀನಿನ ಪೆಡಲು ತುಳಿದ.
ಕಟಕಟ ಕಟಕಟ.
ಮಾಸ್ತರರು ನಿಂತರು.
ಅದನ್ನು ಬರೆಯುವ ಅಗತ್ಯ ಕಾಣಲಿಲ್ಲ.

ಐಸ್ ಪ್ಲಾಂಟಿನ ಹುಡುಗ ಏಳು ತಿಂಗಳಿಂದ ಬರುತ್ತಾನೆ,
ಶಟರಿನ ಬುಡದಲ್ಲಿ, ಒದ್ದೆ ಅಂಗೈ ಒರೆಸಿಕೊಳ್ಳುತ್ತ.
'ಸುಮ್ಮನಿರುವವರೂ ಬರಬಹುದಾ?'
ಅವನ ಮೊದಲ ಮಾತು.
ಗದ್ದಲದಲ್ಲಿ ನನಗೊಬ್ಬಳಿಗೇ ಕೇಳಿತು.
ಬರಬಹುದು ಎಂದು ಬರೆದೆ, ನಂಬರು ಹಾಕದೆ.

ರಾತ್ರಿ ಮನೆಯಲ್ಲಿ ಶುದ್ಧಪ್ರತಿ ಮಾಡುವಾಗ
'ಕೂಡದು' ಎಂಬಲ್ಲಿ ಪೆನ್ನು ನಿಂತಿತು.
ಇಷ್ಟು ವರ್ಷ ಕುಟ್ಟಿದ್ದೇನೆ, ಕಂಡಿರಲಿಲ್ಲ:
ಒಳಗೊಂದು 'ಕೂಡು' ಕೂತಿದೆ,
ಬಾಲಕ್ಕೆ ಇಲ್ಲವನ್ನು ಕಟ್ಟಿಸಿಕೊಂಡು.
ಹನ್ನೊಂದು ಕೂಡದುಗಳಿದ್ದವು.
ಎಷ್ಟನೆಯದರಲ್ಲಿ ನಾವು ಕೂಡುವುದು ನಿಲ್ಲುತ್ತದೋ,
ಹೆದರಿಕೆಯಾಗಿ ಎಂಟನ್ನು ಹೊಡೆದುಹಾಕಿದೆ.
ಬೆಳಿಗ್ಗೆ ಎದ್ದು ಎರಡನ್ನು ವಾಪಸು ಬರೆದೆ.
ಕೊನೆಗೊಂದು ಹೊಸದು ಸೇರಿಸಿದೆ, ಯಾರನ್ನೂ ಕೇಳದೆ:
ದೋಣಿ ಹತ್ತಬೇಕಾದವರ ಮಾತು ಮೊದಲು.

ಈ ಗುರುವಾರ ಕಾಗದ ಮೊಳೆಯಲ್ಲಿ ತೂಗುತ್ತಿದೆ,
ಅಳತೆ ಟೇಪಿನ ಪಕ್ಕ. ಫ್ಯಾನಿಗೆ ಮಗುಚಿಕೊಂಡು
ಆಗಾಗ ಮೇ ತಿಂಗಳು ತೋರಿಸುತ್ತದೆ.
ಪುತ್ತುಮೋನು ಬಂದಿಲ್ಲ.
ಕುಂಟು ಸ್ಟೂಲು ಖಾಲಿ, ಆದರೂ ಇಸ್ತ್ರಿ ಅಂಗಿಯವ
ಇಡೀ ಹೊತ್ತು ನಿಂತೇ ಇದ್ದ.
ಎಲ್ಲ ಎದ್ದು ಚಪ್ಪಲಿ ಹುಡುಕುವಾಗ ಹತ್ತಿರ ಬಂದು
ಕೇಳಿದ, ಬೆಂಗ್ರೆಗೆ ದೋಣಿ ಎಷ್ಟು ಗಂಟೆಯವರೆಗೆ ಇದೆ.
ಹೇಳಿದೆ.
ಚಿಲ್ಲರೆ ಇಟ್ಟುಕೊಳ್ಳಿ ಅಂತಲೂ ಹೇಳಿದೆ.