ಕೊಸರು

ನನ್ನ ಸರ್ವಿಸ್ ಪುಸ್ತಕದಲ್ಲಿ
ಕೆಂಪು ಶಾಯಿಯ ಒಂದು ಸಾಲಿದೆ.
ಎರಡಕ್ಕೇ ನಿಲ್ಲಿಸಿದ್ದಕ್ಕೆ ಒಂದು ಹೆಚ್ಚಿನ ಇನ್‌ಕ್ರಿಮೆಂಟು.
ಮೊದಲ ತಿಂಗಳ ಆ ದುಡ್ಡಿಗೆ ಕುಕ್ಕರು ತಂದೆ.
ಇನ್ನೂ ಕೂಗುತ್ತದೆ. ರಬ್ಬರು ಮಾತ್ರ ಹತ್ತು ಸಲ ಬದಲಾಗಿದೆ.

ಕೊಟ್ರವ್ವನಿಗೆ ಆಗ ಇಪ್ಪತ್ತಾರು.
ದಾವಣಗೆರೆಯ ಮಂಡಕ್ಕಿ ಭಟ್ಟಿಗಳ ಸಾಲಿನಲ್ಲಿ
ಮೂರನೆಯದು ಅವಳ ಒಲೆ.
ಕಾದ ಮರಳಲ್ಲಿ ಅಕ್ಕಿ ಅರಳುವ ಗಳಿಗೆಯನ್ನು
ನೋಡುತ್ತಿರಲಿಲ್ಲ, ಕೇಳುತ್ತಿದ್ದಳು;
ಸದ್ದು ತಿರುಗಿತೋ ಇಲ್ಲವೋ, ಜರಡಿ ಮೇಲೆ.
ಮುಂಗೈ ಮೇಲೆ ಒಂದು ಕೂದಲೂ ಉಳಿದಿರಲಿಲ್ಲ.
ಎರಡು ಹೆಣ್ಣು. ಗಂಡ ಹೋಗಿ ಎರಡು ವರ್ಷ.

ಆ ಸಲ ಊರಾಚೆ ಸೈಟು ಹಂಚಿದರು, ಇಪ್ಪತ್ತು ಮೂವತ್ತರದ್ದು.
ಹೆಸರು, ಜಾತಿ, ಆದಾಯ, ರೇಷನ್ ಕಾರ್ಡಿನ ನಂಬರು,
ಕಲಂ ಒಂಬತ್ತು: ಆಪರೇಷನ್ ಆಗಿದೆಯೇ?
ಆಗಿದ್ದಲ್ಲಿ ಸರ್ಟಿಫಿಕೇಟು ಲಗತ್ತಿಸುವುದು.
ಆಗದಿದ್ದಲ್ಲಿ ಏನೆಂದು ಅಚ್ಚು ಹಾಕಿರಲಿಲ್ಲ.
ಅಚ್ಚು ಹಾಕದ್ದನ್ನು ಓದಲು ಅಕ್ಷರ ಬರಬೇಕಿಲ್ಲ.

"ಗಂಡನ ಇಲ್ಲ, ನಂಗ್ಯಾಕ್ರೀ ಅಕ್ಕಾರೆ?"
ಗುಮಾಸ್ತ ತಲೆ ಎತ್ತದೆ ಅಂದ: ನಾಳೆ ಕೂಡಿಕೆ ಆದರೆ?
ಬಲವಂತ ಏನಿಲ್ಲಮ್ಮ, ಅಂದೆ ನಾನು.
ಮಾರ್ಚಿ ತಿಂಗಳು.
ನನ್ನ ಟಾರ್ಗೆಟ್ಟಿಗೆ ಇನ್ನೂ ನಾಲ್ಕು ಕಡಿಮೆ ಇತ್ತು.
ಬಲವಂತ ಇಲ್ಲ, ನಿಜ. ಯಾರೂ ಕೈ ಹಿಡಿದೆಳೆಯಲಿಲ್ಲ.
ಮಳೆಗಾಲ ಮಾತ್ರ ಮೂರು ತಿಂಗಳಿತ್ತು,
ಅವಳ ಸೂರಿಗೆ ಗೋಣಿ ತಾಟು.

ಸುಳ್ಳೇಕೆ ಹೇಳಲಿ,
ಕತ್ತಲಾದ ಮೇಲೆ ನನ್ನ ಹಿತ್ತಲಿಗೆ ಬಂದವರೂ ಇದ್ದರು.
ಅತ್ತೆಗೆ ಹೇಳಬೇಡಿ, ಅವರಿಗಂತೂ ಹೇಳಲೇಬೇಡಿ,
ಐದಾಯಿತು, ಇನ್ನು ಈ ಮೈಯಲ್ಲಿ ನಾನೂ ಒಂದಿಷ್ಟು ಇರಬೇಕು
ಎಂದು ಅತ್ತವರು.
ಅವರು ಸೈಟು ಕೇಳಲಿಲ್ಲ, ಸೀರೆ ಕೇಳಲಿಲ್ಲ.
ಅದೇ ಮೇಜು, ಅದೇ ದೀಪ, ಅದೇ ಎರಡು ಹೊಲಿಗೆ.
ಕತ್ತರಿಗೆ ವ್ಯತ್ಯಾಸ ತಿಳಿಯುವುದಿಲ್ಲ.
ನನಗೆ ತಿಳಿಯಬೇಕಿತ್ತು.

ಅದೇ ವರ್ಷ ಪಿ.ಬಿ. ರೋಡಿನ ಸಾಹುಕಾರರಿಗೆ
ಎಣ್ಣೆ ಗಿರಣಿಗೆಂದು ಅರ್ಧ ಎಕರೆ ಮಂಜೂರಾಯಿತು.
ಏಳು ಮಕ್ಕಳು. ಏಳೂ ತೊಟ್ಟಿಲ ಪೇಡೆ ನಾನು ತಿಂದಿದ್ದೇನೆ.
ಅವರ ಅರ್ಜಿಯಲ್ಲಿ ಕಲಂಗಳು ಎಂಟೇ ಇದ್ದವಂತೆ.

ಮೂರು ವರ್ಷಕ್ಕೆ, ಹರಿಹರದ ಮಗ್ಗದವನೊಬ್ಬ
ಕೊಟ್ರವ್ವನನ್ನು ಕೂಡಿಕೆಗೆ ಕೇಳಿ ಬಂದ.
ಒಳ್ಳೆಯವನೇ. ಹೆಂಡತಿ ಸತ್ತಿದ್ದಳು, ಮಕ್ಕಳಾಗಿರಲಿಲ್ಲ.
ಇವಳು ಆಸ್ಪತ್ರೆಯ ಹಿಂಬಾಗಿಲಲ್ಲಿ ನಿಂತು,
ಬಿಗಿಯಾದ ರವಿಕೆಯ ಮಾತಾಡುವವಳ ಹಾಗೆ, ಕೇಳಿದಳು:
"ಬಿಚ್ಚಾಕ ಬರ್ತತೇನ್ರಿ ಅದು?"

ಅವನು ಯುಗಾದಿವರೆಗೆ ಕಾದ.

ಸೈಟು ಬಂತು. ಅದನ್ನೂ ಹೇಳಬೇಕು.
ಒಂದೇ ಕೋಣೆ, ಆರ್‌ಸಿಸಿ, ಒಂದು ಹನಿ ಸೋರುವುದಿಲ್ಲ.
ಹುಡುಗಿಯರಿಬ್ಬರೂ ಅದರೊಳಗೇ ಓದಿಕೊಂಡರು,
ಚಿಕ್ಕವಳು ಈಗ ಬಸ್ ಕಂಡಕ್ಟರು.
ಲೆಕ್ಕ ಬರೆಯುವವರು ಇಲ್ಲಿಗೆ ಗೆರೆ ಎಳೆಯಬಹುದು.
ಎಷ್ಟೋ ರಾತ್ರಿ ನಾನೂ ಇಲ್ಲಿಗೇ ಗೆರೆ ಎಳೆದು ಮಲಗಿದ್ದೇನೆ.

ಈಗ ಬೇತೂರು ರಸ್ತೆಯಲ್ಲಿ ಅವಳದೇ ಮಂಡಕ್ಕಿ ಅಂಗಡಿ.
ಸೇರು ತುಂಬಿ, ಅಂಗೈಯಲ್ಲಿ ತಲೆ ಸವರಿ,
ನನ್ನ ಚೀಲಕ್ಕೆ ಸುರಿದು,
ಮತ್ತೊಂದು ಬೊಗಸೆ ಎತ್ತುತ್ತಾಳೆ.
ಬೇಡ ಕೊಟ್ರವ್ವ, ಎನ್ನುತ್ತೇನೆ.
"ಕೊಸರು ರೀ ಅಕ್ಕಾರೆ. ಕೊಸರಿಗೇನೈತಿ ಲೆಕ್ಕ?"

ಚೀಲದ ಬಾಯಿ ಅಗಲಿಸಿ ಹಿಡಿದು ನಿಲ್ಲುತ್ತೇನೆ,
ಅರ್ಜಿ ಕೊಡಲು ಬಂದವಳ ಹಾಗೆ.