ನೆರಿಗೆ

ಮೊದಲು ಬರುವುದು ಹಣೆ.
ಆಮೇಲೆ ಹುಬ್ಬು, ಕಣ್ಣು, ಮೂಗು.
ಮೆಷಿನ್ನು ಅತ್ತಿತ್ತ ಓಡಾಡಿ
ಒಂದು ಮುಖ ಹೆರುವುದಕ್ಕೆ ಹನ್ನೊಂದು ನಿಮಿಷ.
ಮುಹರ್ರಕ್ ದ್ವೀಪದ ನಗರಸಭೆಗೆ
ಈ ಸಲ ನಮ್ಮ ವಾರ್ಡಿನಿಂದ ಒಂಬತ್ತು ಜನ;
ಆರು ಹಣೆಗಳನ್ನು ಮೊದಲು ಕಂಡವನು ನಾನು.

ನಮ್ಮ ವಾರ್ಡು ಅಂದೆನೆ?
ಅನ್ನಬಾರದು. ನನ್ನದು ಇಲ್ಲಿ
ಎರಡು ವರ್ಷಕ್ಕೊಮ್ಮೆ ಹೊಸದಾಗುವ ಕಾರ್ಡು,
ಕಬ್ಬಿಣದ ಮಂಚದ ಮೇಲಿನ ಅಂತಸ್ತು,
ಉಗುರಿನ ಸಂದಿಯಲ್ಲಿ ಎಷ್ಟು ತಿಕ್ಕಿದರೂ ಹೋಗದ ಮೆಜೆಂಟಾ.

ಅರಬಿ ಓದಲು ಬಾರದು ನನಗೆ.
ಅಕ್ಷರ ಅಕ್ಷರದ ಕೈ ಬಿಟ್ಟರೆ ಮಾತ್ರ ತಿಳಿಯುತ್ತದೆ:
ಒಮ್ಮೊಮ್ಮೆ ಕಂಪ್ಯೂಟರು ಅವನ್ನು
ಬಿಡಿಬಿಡಿಯಾಗಿ ಎಡದಿಂದ ಬಲಕ್ಕೆ ನಿಲ್ಲಿಸಿಬಿಡುತ್ತದೆ,
ಸ್ಕೂಲು ಬಿಟ್ಟಮೇಲೆ ಆಟೋ ಬಾರದ ಮಕ್ಕಳ ಹಾಗೆ.
ಒಂದೊಂದನ್ನೇ ಹಿಡಿದು ಕೈಗೆ ಕೈ ಸೇರಿಸುತ್ತೇನೆ.
ಏನು ಹೇಳುತ್ತಿದ್ದೀರಿ ಅಂತ ಕೇಳುವುದಿಲ್ಲ.
ಹತ್ತೊಂಬತ್ತು ವರ್ಷದಿಂದ ಕೇಳಿಲ್ಲ.

ಉಸ್ತಾದ ಮೋಝಾ ಬಂದದ್ದು ಮಗ್ರಿಬ್ ಆಜಾನ್ ಆದಮೇಲೆ.
ಮೂವತ್ತು ವರ್ಷ ಹೆಣ್ಣುಮಕ್ಕಳಿಗೆ ಲೆಕ್ಕ ಕಲಿಸಿದವರು,
ಮಂಡಿನೋವು, ಕೈಯಲ್ಲಿ ಮೊಮ್ಮಗನ ಡೈನೋಸಾರ್ ಬ್ಯಾಗು.
ಕರಡನ್ನು ಟ್ಯೂಬ್‌ಲೈಟಿನ ಕೆಳಗೆ ಹಿಡಿದು
ಬಹಳ ಹೊತ್ತು ನೋಡಿದರು,
ಇದು ಯಾರ ಮನೆ ಹೆಂಗಸು ಎಂಬಂತೆ.
"ಮಾದೀಶ್"
(ಅವರ ಬಾಯಲ್ಲಿ ಮಾದೇಶ ಹಾಗಾಗುತ್ತಾನೆ)
"ನನ್ನ ಗೆರೆಗಳೆಲ್ಲಿ?"

ಅಳಿಸಿದೆ, ಮೇಡಂ.
ಎಲ್ಲರದೂ ಅಳಿಸುತ್ತೇವೆ, ಅದಕ್ಕೆ ದುಡ್ಡಿಲ್ಲ.
ಹಡಗಿನ ಮನೆತನದ ಸರ್ಹಾನರ ಗದ್ದ ಇಳಿಸಿದೆ,
ಟೈರ್ ಅಂಗಡಿಯವರಿಗೆ ಕೂದಲೇ ಕೊಟ್ಟೆ.
"ವಾಪಸು ಹಾಕು," ಅಂದರು ಅರೆಬರೆ ಹಿಂದಿಯಲ್ಲಿ.
"ಓಟು ಹಾಕುವವರೇ ಕೊಟ್ಟದ್ದು ಅವು.
ಹುಡುಗಿಯರು ಗುರುತು ಹಿಡಿಯಬೇಡವೇ?"

ಹಾಕಿದೆ. ಅಳಿಸುವುದಕ್ಕಿಂತ ಕಷ್ಟ.
ಎಡಗಣ್ಣಿನ ಕೆಳಗೆ ನಾಲ್ಕು, ಬಲಗಣ್ಣಿಗೆ ಐದು,
ತುಟಿಯ ಪಕ್ಕ ಗುಣಾಕಾರದ ಗುರುತಿನಂಥದೊಂದು.
ಕೈ ಬಿಸಿಯಿದ್ದಾಗಲೇ ಕೇಳಿಬಿಟ್ಟೆ:
ಕೆಳಗಿನ ಸಾಲು ಏನನ್ನುತ್ತದೆ?
ಅವರ ಬೆರಳು ಬಲದಿಂದ ಎಡಕ್ಕೆ ನಡೆಯಿತು:
ಮೊದಲು ಗಲ್ಲಿಯ ನೀರಿನ ಕೊಳವೆ.
ಅಷ್ಟೇನಾ?
"ಅಷ್ಟೇ. ಮಿಕ್ಕವರೆಲ್ಲ ಭವಿಷ್ಯ ಅಂತ ಬರೆಸಿದ್ದಾರೆ.
ನಿನಗೆ ಊರಲ್ಲಿ ಓಟಿದೆಯಾ?"

ನನ್ನ ಸೋದರತ್ತೆ ಪುಟ್ಟಚೆಲುವಮ್ಮ
ಮೈಸೂರಿನ ಕಾರ್ಖಾನೆಯಲ್ಲಿ
ಆ ಅಳಿಸದ ಮಸಿಯನ್ನು ಸೀಸೆಗೆ ತುಂಬುತ್ತಿದ್ದಳು.
ಚುನಾವಣೆ ಇರಲಿ ಬಿಡಲಿ
ಅವಳ ಬೆರಳಿಗೆ ದಿನಾ ಮತದಾನ;
ಅದೇ ಕೈಯಲ್ಲಿ ನನಗೆ ಮೊಸರನ್ನ.
ಮಸಿ ಹಡಗು ಹತ್ತಿ ಎಲ್ಲೆಲ್ಲಿಗೋ ಹೋಯಿತು,
ಅವಳು ಹೆಸರು ಕೇಳದ ದೇಶಗಳ ಉಗುರಿಗೆ.
ನನಗೆ ತಾಗಿದ್ದು ಒಂದೇ ಸಲ.
ಹೋದ ವರ್ಷ ತಮ್ಮ ಫೋನು ಮಾಡಿದ:
ಪಟ್ಟಿಯಲ್ಲಿ ನಿನ್ನ ಹೆಸರಿಗೆ ಗೆರೆ ಎಳೆದಿದ್ದಾರೆ,
ಪಕ್ಕದಲ್ಲಿ 'ಸ್ಥಳಾಂತರ' ಅಂತಿದೆ.

ಇಷ್ಟನ್ನು ಹಿಂದಿಯಲ್ಲಿ ಹೇಳಲು ಬರದೆ
"ಇತ್ತು" ಅಂದೆ.

ಅರವತ್ತೆರಡು ಓಟಿನಿಂದ ಸೋತರು.
ಮೂರನೆಯ ದಿನ ಬಂದು ಬಾಕಿ ಮೂವತ್ತೆಂಟು ದಿನಾರು
ಎರಡೆರಡು ಸಲ ಎಣಿಸಿ ಕೊಟ್ಟರು,
ರಸೀದಿಯಲ್ಲಿ ನಾನು ತಪ್ಪಿದ ಕೂಡಿಕೆ ತಿದ್ದಿದರು,
ಖರ್ಜೂರದ ಡಬ್ಬಿ ಮೇಜಿನ ಮೇಲೆ ಮರೆತವರಂತೆ ಬಿಟ್ಟರು.
ರಾತ್ರಿ ಶೊಫಿಕುಲ್ ಕಂಬ ಹತ್ತಿ
ಒಂಬತ್ತೂ ಜನರನ್ನು ಇಳಿಸಿದ.

ಶುಕ್ರವಾರ ರೂಮಿನಲ್ಲಿ ಊಟಕ್ಕೆ ಹಾಸಿದ್ದು ಮೋಝಾರ ಫ್ಲೆಕ್ಸು.
ಮುಖದ ಮೇಲೆ ಅನ್ನ ಸುರಿಯಲು
ಯಾರಿಗೂ ಮನಸ್ಸು ಬರಲಿಲ್ಲ.
ಅರ್ಧ ಮಡಚಿ ಅವರನ್ನು ಕೆಳಕ್ಕೆ ಮಾಡಿದೆವು;
ಮೇಲೆ ಉಳಿದದ್ದು ಆ ಒಂದು ಸಾಲು.
ಕಲೆಸುತ್ತ ಕಲೆಸುತ್ತ ಬಲದಿಂದ ಎಡಕ್ಕೆ ಓದುತ್ತೇನೆ.
ಯಾವ ಗೊಂಚಲು ಗಲ್ಲಿ, ಯಾವುದು ನೀರು,
ಇನ್ನೂ ಗೊತ್ತಾಗಿಲ್ಲ.
ಶೊಫಿಕುಲ್ ಕ್ಯಾನು ತಂದಿಟ್ಟ,
ಸರಿಯಾಗಿ ಯಾವುದೋ ಒಂದರ ಮೇಲೆ.