ತೂಬಿಗೆ ಕೈ ಹಾಕುವ ಮುನ್ನ

ಮುಬೀನಾ, ನಿನ್ನ ಹದಿನೆಂಟು ಸಾಲಿನ ತಿದ್ದುಪಡಿ ಬಂತು.
ಮಂಡ್ಯದ ಗುತ್ತಲು ರಸ್ತೆಯ ಈ ಮಹಡಿ ಕೋಣೆಯಲ್ಲಿ,
ಕೆಳಗೆ ಬೆಲ್ಲದ ಮಂಡಿಯ ಲಾರಿ ಚೀರುತ್ತ ಹಿಂದಕ್ಕೆ ಸರಿಯುತ್ತಿದ್ದಾಗ,
ಎರಡು ಸಲ ಓದಿದೆ.
ಚೆನ್ನಾಗಿದೆ. ಚುರುಕಾಗಿದೆ.
ಸೇರಿಸಿಕೊಳ್ಳಲಾರೆ.

ಕೋಪ ಬೇಡ. ಮನೆ ತೋರಿಸದೆ
ಕೈಗೆ ಸುತ್ತಿಗೆ ಕೊಟ್ಟದ್ದು ನನ್ನದೇ ತಪ್ಪು.
ಬಾ, ಬಾಗಿಲಿಂದ ಶುರುಮಾಡೋಣ.

ಮೊದಲ ಕೋಣೆ, ಮೂಲ.
ಹೇಗಿರಬೇಕೆಂದು ಬಳಕೆದಾರರು ಬಯಸಿದರೋ ಅದೆಲ್ಲ ಇಲ್ಲಿ:
ಹೆಸರಿನ ಮುಂದೆ ಚುಕ್ಕಿಯಿಟ್ಟುಕೊಂಡು
ಕಣ್ತಪ್ಪಿಸಿ ಕೂರುವ ಪುಟ್ಟ ಕಡತಗಳು,
ಅಕ್ಷರದ ಗಾತ್ರ, ಪರದೆಯ ಬಣ್ಣ, ಯಾವ ಗುಂಡಿ ಒತ್ತಿದರೆ ಏನು.
ಇಲ್ಲಿ ಓದುತ್ತೇವೆ, ಅಷ್ಟೆ. ಅದೂ ಕೇಳಿದಾಗ ಮಾತ್ರ;
ಕೇಳದ ಕಡತದ ಹೊಟ್ಟೆ ಬಗೆಯುವುದಿಲ್ಲ.

ಎರಡನೆಯದರಲ್ಲಿ ಅಚ್ಚುಗಳು.
ಆಫೀಸಿನ ಯಂತ್ರಕ್ಕೊಂದು ವಿಳಾಸ, ಮನೆಯದಕ್ಕೊಂದು,
ಖಾಲಿ ಬಿಟ್ಟ ಜಾಗ ತುಂಬಿಕೊಡುವುದು ಇದರ ಕೆಲಸ.
ಡಿಸ್ಕ್ ಎಂಬುದೊಂದಿದೆ ಅಂತಲೇ ಇದಕ್ಕೆ ಗೊತ್ತಿರಕೂಡದು.
ನೀನು ಇಲ್ಲಿಂದಲೇ ಗೋಡೆ ಒಡೆದು
ನೇರ ಬರೆದುಬಿಟ್ಟೆ.
ಹತ್ತಿರದ ದಾರಿ, ಒಪ್ಪುತ್ತೇನೆ.

ನನ್ನಪ್ಪ ಕರಿಸಿದ್ದಯ್ಯ, ವೀಸಿ ನಾಲೆಯ ಕವಲೊಂದಕ್ಕೆ ನೀರುಗಂಟಿ.
ಜೇಬಲ್ಲಿ ಪಾಳಿಯ ಚೀಟಿ: ಇವತ್ತು ಯಾರ ಗದ್ದೆಗೆ ಎಷ್ಟು.
ಕಣ್ಣು ಅಳತೆಗಲ್ಲಿನ ಮೇಲೆ: ಈಗ ಎಷ್ಟಿದೆ.
ಎರಡರ ನಡುವಿನ ಬೆರಳಗಲ ಲೆಕ್ಕಹಾಕಿ
ಅಷ್ಟೇ ತಿರುವುತ್ತಿದ್ದ, ತಿರುಪನ್ನು.
ಸರಿಯಿದ್ದರೆ ಮುಟ್ಟುತ್ತಲೇ ಇರಲಿಲ್ಲ,
ಬೀಡಿ ಹಚ್ಚಿ ಏರಿಯ ಮೇಲೆ ಕೂರುತ್ತಿದ್ದ.
‘ಸುಮ್ಕಿರಾದೂ ಒಂದ್ ಕೆಲ್ಸ ಕಣ್ಲಾ.’
ಈ ಉಪಕರಣಕ್ಕೆ ತೂಬು ಎಂದು ಹೆಸರಿಟ್ಟದ್ದು ಅದಕ್ಕೇ.

ಮೂರನೆಯ ಕೋಣೆ ಅಪ್ಪನದು.
ಬಯಸಿದ್ದು, ಇರುವುದು, ಹೋದ ಸಲ ನಾವೇ ಬರೆದಿಟ್ಟದ್ದು,
ಮೂರನ್ನೂ ಪಕ್ಕಪಕ್ಕ ಇಟ್ಟು ನೋಡುತ್ತದೆ.
ಇರುವುದು ನಾವು ಬರೆದದ್ದಲ್ಲವಾದರೆ
ಯಾರೋ ಕೈಯಾರೆ ತಿದ್ದಿದ್ದಾರೆ. ಆಗ ನಿಲ್ಲು. ಕೇಳು.

ಹೋಲಿಕೆ ಇಷ್ಟಕ್ಕೆ ಸಾಕು.
ಅಪ್ಪನಿಗೆ ಸುಳ್ಳು ನಾಲೆ ಇರಲಿಲ್ಲ, ನಮಗಿದೆ:
ನೆನಪಿನಲ್ಲೇ ಹುಟ್ಟಿ ನೆನಪಿನಲ್ಲೇ ಸಾಯುವ ಡಿಸ್ಕು.
ಟೆಸ್ಟುಗಳೆಲ್ಲ ಓಡುವುದು ಅದರ ಮೇಲೆ.
ಬರೆಯುವ ಅಧಿಕಾರ ಕೊನೆಯ ಕೋಣೆಗೊಂದಕ್ಕೇ; ಅದರ ಕೈಗೆ
ನಿಜದ್ದಿಡು, ಸುಳ್ಳಿನದ್ದಿಡು,
ಅದೇ ಮಾತು, ಅದೇ ಕೆಲಸ.
ನಿನ್ನ ಸಾಲುಗಳು ನಿಜದ್ದನ್ನೇ ಹುಡುಕಿಕೊಂಡು ಹೋದವು.
ಬೆಳಿಗ್ಗೆ ಹತ್ತೂಕಾಲಿಗೆ ಓಡಿಸಿದೆ;
ನನ್ನದೇ ಲ್ಯಾಪ್‌ಟಾಪು ಅಂಗಡಿಯಿಂದ ತಂದ ದಿನದಷ್ಟು ಬೆಳ್ಳಗಾಯಿತು.

ನಗಬೇಡ. ಮೊದಲ ವರ್ಷ ನಾನೂ ಹೀಗೇ ಬರೆದಿದ್ದೆ.
ನೂರಡಿ ರಸ್ತೆಯ ಮುದ್ರಣಾಲಯದ ಪುಟ್ಟಲಕ್ಷ್ಮಮ್ಮ,
ಒಂದು ಕಣ್ಣು ಮಂಜಾದವರು,
ಆರು ವರ್ಷ ಸವೆಸಿ ಸವೆಸಿ ಹೊಂದಿಸಿಕೊಂಡಿದ್ದ
ದಪ್ಪ ಅಕ್ಷರ, ಹಳದಿ ಹಿನ್ನೆಲೆ, ಎಡಗೈಯ ಕೀಲಿಮಣೆ,
ಒಂದು ಎಂಟರ್‌ಗೆ ಮಾಯ.
ಬೈಯಲಿಲ್ಲ ಅವರು. ಪರದೆಗೆ ಮೂಗು ತಾಗಿಸಿ
ಮದುವೆ ಕಾರ್ಡೊಂದನ್ನು ಮಧ್ಯಾಹ್ನದವರೆಗೆ ಜೋಡಿಸಿದರು.
ನಲವತ್ತೊಂದನೆಯ ಟೆಸ್ಟಿಗೆ ಅವರ ಹೆಸರಿದೆ.
ಅದು ಕೆಂಪಾದರೆ ಯಾರ ತಿದ್ದುಪಡಿಯೂ ಒಳಗೆ ಬರುವುದಿಲ್ಲ,
ನನ್ನದೂ.

ಗುಟ್ಟಿನ ಪದಗಳ ವಿಷಯ ಇನ್ನೊಂದು ದಿನ.
ಹಾಂ, ಮೂರನೆಯ ಕೋಣೆಯ ಇನ್ನೂರಾರನೆಯ ಸಾಲು,
ಯಾಕೆ ಬರೆದೆನೋ ಮರೆತಿದ್ದೇನೆ. ತೆಗೆದರೆ ಮೂರು ಟೆಸ್ಟು ಬೀಳುತ್ತವೆ.
ನಿನಗೆ ಗೊತ್ತಾದರೆ ಪಕ್ಕದಲ್ಲಿ ಬರೆದಿಡು, ಕನ್ನಡದಲ್ಲೇ ಆದರೂ ಸರಿ.

ಲಾರಿ ಹೋಯಿತು. ಬೆಲ್ಲದ ವಾಸನೆ ಮೆಟ್ಟಿಲು ಹತ್ತಿ ಬಂದಿದೆ.
ಹದಿನೆಂಟರಲ್ಲಿ ಹನ್ನೊಂದು ಸಾಲು ಇದ್ದಲ್ಲೇ ಇರಲಿ,
ಏಳನ್ನು ಕೊನೆಯ ಕೋಣೆಗೆ ಹೊತ್ತುಕೊಂಡು ಬಾ.